ತೊಳೆಯಬಾರದಿದ್ದ ಬಟ್ಟೆ

ಬಿಸ್ಕತ್ತು ಕಾರ್ಖಾನೆ, ಮೇಲಂತಸ್ತು
ಆಗಸ್ಟ್ 11, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದ್ದಾರೆ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿಬರುವಷ್ಟಾಗಿದ್ದೀಯ ಎಂದು ಡಾಕ್ಟರು ಹೇಳಿದರು. ನಮ್ಮ ಡಾಕ್ಟರು, ಅಂದರೆ ನಾಯಿಗಳ ಡಾಕ್ಟರು. ನಿನ್ನ ಮೂಳೆ ಡಾಕ್ಟರಿಗಿಂತ ಇವರಿಗೇ ನಿನ್ನ ಮಂಡಿಯ ಚಿಂತೆ ಜಾಸ್ತಿ ಅಂತ ಕಾಣುತ್ತದೆ; ದೋಣಿಯಿಂದ ಇಳಿಯುವ ಮೊದಲೇ ನಿನ್ನ ಸುದ್ದಿ ಶುರುವಾಗುತ್ತದೆ. ಊತ ಪೂರ್ತಿ ಇಳಿದಿದೆಯೇ? ಅಣ್ಣನ ಮನೆಯ ನೆಲ ಕನ್ನಡಿಯ ಹಾಗಿದೆ, ಒದ್ದೆ ಕಾಲಲ್ಲಿ ಓಡಾಡಬೇಡ. ಅತ್ತಿಗೆ ಹೇಳಿದ ಹಾಗೆ ಕೇಳು. ಅವಳು ಮುಖ ಗಂಟು ಹಾಕಿಕೊಂಡರೂ ಮನಸ್ಸು ಒಳ್ಳೆಯದು ಎಂದು ನೀನೇ ನನಗೆ ಎಷ್ಟು ಸಲ ಹೇಳಿಲ್ಲ? ಈಗ ಅದನ್ನು ನೀನು ನಂಬುವ ಸರದಿ.

ಇಲ್ಲಿ ಕರೆಂಟಿಲ್ಲ, ಫೋನು ಸತ್ತುಹೋಗಿದೆ. ಹಾಗಾಗಿ ಕಾಗದ. ನಿನಗೆ ಕೊನೆಯ ಸಲ ಕಾಗದ ಬರೆದದ್ದು ಯಾವಾಗ ಎಂದು ಯೋಚಿಸಿದೆ, ನೆನಪಾಗಲಿಲ್ಲ. ಅಕ್ಷರ ನೋಡಿ ನಗಬೇಡ. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದು ಅಪ್ಪ, ನಾನಲ್ಲ. ಡಾಕ್ಟರು ಈ ದೊಡ್ಡ ಹಾಲಿನ ಆ ತುದಿಯಲ್ಲಿ ಒಂದೊಂದೇ ನಾಯಿಯ ಪಾದ ಎತ್ತಿ ನೋಡುತ್ತಿದ್ದಾರೆ. ನೀರಲ್ಲಿ ನಿಂತು ಬೆರಳ ಸಂದುಗಳು ಹುಣ್ಣಾಗಿವೆ, ಗಾಬರಿಯಾಗುವಂಥದ್ದೇನಲ್ಲ. ಅವರು ಹೊರಡುವಷ್ಟರಲ್ಲಿ ನಾನಿದನ್ನು ಮುಗಿಸಬೇಕು. 'ನಾನು ಬರಲಾ ಅಂತ ಅವಳನ್ನ ಕೇಳಿ' ಎಂದು ಅವರ ಕೈಯಲ್ಲಿ ಹೇಳಿ ಕಳಿಸಿದ್ದೀಯಂತೆ. ಬೇಡ. ಮೇಲಕ್ಕೆ ಹತ್ತುವ ಇಳಿಜಾರಿನ ಮೇಲೆ ಪಾಚಿ ಕಟ್ಟಿದೆ, ನೀನು ಜಾರಿಬಿದ್ದರೆ ಹೊಲಿಗೆಯ ಜೊತೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಅಲ್ಲದೆ ಇಲ್ಲಿ ಎಲ್ಲಾ ಸರಿಯಾಗಿಯೇ ಇದೆ. ನಾಯಿಗಳಲ್ಲಿ ಗುಮಾಸ್ತ ಒಬ್ಬ ಮಾತ್ರ ಸರಿಯಾಗಿ ಊಟ ಮಾಡುತ್ತಿಲ್ಲ. ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ಕ್ರಮವಾಗಿ ಬರೆಯುತ್ತೇನೆ. ನೀನು ಅವನ ಹೆಸರು ಹುಡುಕಿಕೊಂಡು ಕೊನೆಯ ಹಾಳೆಗೆ ಹಾರಬೇಡ. ಹಾರುತ್ತೀಯ, ಗೊತ್ತು.

ಪ್ರತಿ ವರ್ಷದಂತೆ ಹಿಂದಿನ ಕಾಲುವೆ ಮೊದಲು ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಸದ್ದು ಮಾಡುವುದನ್ನು ನಿಲ್ಲಿಸಿತು. ಸದ್ದು ನಿಂತಾಗಲೇ ಹೆದರಬೇಕು ಎಂದು ನೀನು ಹೇಳಿದ್ದೆ. ನಾನು ಹೆದರಿದೆ, ಆ ಮಟ್ಟಿಗೆ ನಿನ್ನ ಮಾತು ಕೇಳಿದ್ದೇನೆ. ಬೆಳಕು ಹರಿಯುವ ಹೊತ್ತಿಗೆ ಹಿತ್ತಲ ಸಾಲಿನ ಗೂಡುಗಳಲ್ಲಿ ಪಾದ ಮುಳುಗುವಷ್ಟು ನೀರು. ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, 'ಸಂಜೆವರೆಗೂ ನೋಡೋಣ ಬಿಡಿ ಚಿಕ್ಕಕ್ಕ, ಹೋದ ವರ್ಷ ಇದರಪ್ಪನಂಥದ್ದು ಬಂದು ವಾಪಸ್ ಹೋಯ್ತು' ಎಂದ. ಗಾರೆ ಕೆಲಸ ಬಿಟ್ಟು ನಿನ್ನ ಹತ್ತಿರ ನಾಯಿ ನೋಡಿಕೊಳ್ಳಲು ಬಂದಾಗಿನಿಂದ ಅವನಿಗೆ ನೀರಿನ ಬಗ್ಗೆ ವರ್ಷಕ್ಕೊಂದು ಸಿದ್ಧಾಂತ. ನಾನು ಸಂಜೆಯವರೆಗೆ ನೋಡಲಿಲ್ಲ. ಇದು ಇನ್ನೂ ಕಾರ್ಖಾನೆಯಾಗಿದ್ದ ಕಾಲದಲ್ಲಿ ಬಿಸ್ಕತ್ತಿನ ಗಾಡಿಗಳನ್ನು ತಳ್ಳಲು ಕಟ್ಟಿಸಿದ ಆ ಇಳಿಜಾರಿನ ಮೇಲೆ ಗೋಣಿ ಹಾಸಿ ಎಲ್ಲವನ್ನೂ ಮೇಲಿನ ಹಾಲಿಗೆ ಹತ್ತಿಸಿದೆವು. ಮೊದಲು ಕುಂಟುವವು, ಆಮೇಲೆ ಬಸುರಿಯರು, ಕೊನೆಗೆ ಜಗಳಗಂಟರು. ಮಧ್ಯಾಹ್ನದ ಹೊತ್ತಿಗೆ ಕೆಳಗೆ ನನ್ನ ಸೊಂಟದವರೆಗೆ ನೀರಿತ್ತು, ಮೇಲೆ ಅರವತ್ತು ಚಿಲ್ಲರೆ ನಾಯಿಗಳಿದ್ದವು. ಒಂದೂ ಬಿಟ್ಟುಹೋಗಲಿಲ್ಲ ಅಕ್ಕಾ. ಈ ಸಾಲನ್ನು ದಯವಿಟ್ಟು ಎರಡು ಸಲ ಓದು.

ಎರಡು ಸಲ ಓದು ಎಂದು ಯಾಕೆ ಹೇಳುತ್ತಿದ್ದೇನೆಂದರೆ ಇಲ್ಲಿ ಯಾರೂ ಒಂದು ಸಲವೂ ಅದನ್ನು ಹೇಳಲಿಲ್ಲ. ದೋಣಿಯವನು ಮೇಲೆ ಬಂದು ಸುತ್ತ ನೋಡಿ, 'ಅಕ್ಕ ಎಷ್ಟು ಚೆನ್ನಾಗಿ ವ್ಯವಸ್ಥೆ ಮಾಡವ್ರೆ ನೋಡಿ' ಎಂದ. ಡಾಕ್ಟರು, 'ಅವರು ಕಲಿಸಿಟ್ಟು ಹೋಗಿದ್ದಾರೆ, ಹಾಗಾಗಿ ನಡೆದುಹೋಯಿತು' ಎಂದರು. ನೀನು ಅಣ್ಣನ ಮನೆಯಲ್ಲಿ ಕಾಲು ಚಾಚಿ ಮಲಗಿದ್ದೆ. ನೀರಿನಲ್ಲಿ ನಿಂತವಳು ನಾನು, ಶಭಾಷ್ ಅನ್ನಿಸಿಕೊಂಡವಳು ನೀನು. ಇದರಲ್ಲಿ ಹೊಸದೇನಿದೆ ಎಂದು ನೀನು ನಗಬಹುದು. ನೀನು ಯಾರ ಹುಟ್ಟುಹಬ್ಬವನ್ನೂ ನೆನಪಿಟ್ಟವಳಲ್ಲ, ಆದರೂ ನಿನ್ನ ಹುಟ್ಟುಹಬ್ಬಕ್ಕೆ ಇಡೀ ಬೀದಿ ಬರುತ್ತದೆ. ನಾನು ಎಲ್ಲರದ್ದೂ ನೆನಪಿಟ್ಟು ಫೋನು ಮಾಡುತ್ತೇನೆ. ಅವರು ಥ್ಯಾಂಕ್ಸ್ ಹೇಳಿ, 'ಅಕ್ಕ ಹೇಗಿದ್ದಾರೆ?' ಎಂದು ಕೇಳುತ್ತಾರೆ. ಇಲ್ಲಿ ಬಂದ ಮೇಲೆ ನನ್ನ ಹೆಸರು 'ಅಕ್ಕನ ತಂಗಿ' ಎಂದಾಗಿದೆ. ಊರಲ್ಲಿ ನಮ್ಮ ಕನ್ನಡಕದ ಅಂಗಡಿಯಲ್ಲಾದರೂ ನಾನು ಮೇಡಂ.

ಫೋನು ಬದುಕಿದ್ದ ದಿನಗಳನ್ನೇ ತೆಗೆದುಕೋ. ಸಂಜೆ ಊಟದ ಹೊತ್ತಿಗೆ ನೀನು ಕರೆ ಮಾಡುತ್ತಿದ್ದೆ, ನಾನು ಸ್ಪೀಕರ್ ಹಾಕಿ ಫೋನನ್ನು ಎತ್ತಿ ಹಿಡಿಯುತ್ತಿದ್ದೆ. 'ಏಯ್ ಕಳ್ಳರಾ, ತಿಂದ್ರಾ?' ಎಂದು ನಿನ್ನ ದನಿ ಬಂದದ್ದೇ ತಡ, ಅನ್ನ ಬೇಯಿಸಿದವಳು, ತಟ್ಟೆ ತೊಳೆದವಳು, ಹುಳ ಬಿದ್ದ ಕಿವಿಗೆ ಔಷಧಿ ಬಿಟ್ಟವಳು ಎಲ್ಲಾ ಮಾಯವಾಗಿ, ಅವು ನನ್ನ ಕೈಯನ್ನು ನೋಡಿ ಬಾಲ ಅಲ್ಲಾಡಿಸುತ್ತಿದ್ದವು. ಕೈಯನ್ನಲ್ಲ, ಕೈಯಲ್ಲಿದ್ದದ್ದನ್ನು. ನಾನು ಫೋನಿಗೆ ಸ್ಟ್ಯಾಂಡ್ ಆಗಿದ್ದೆ. ಟವರು ಬಿದ್ದ ದಿನ ನನಗೆ ಭಯವಾಗಬೇಕಿತ್ತು. ಮೊದಲು ಆದದ್ದು ಭಯವೇ ಎಂದು ಹೇಳಲಾರೆ.

ಈಗ ಬಟ್ಟೆಯ ವಿಷಯ. ನೀನು ಕಾರು ಹತ್ತುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, 'ಮಂಚದ ಕೆಳಗಿನ ಚೀಲ ಹುಷಾರು ಕಣೇ, ನೀರು ಬಂದ್ರೆ ಬೇಕಾಗತ್ತೆ' ಎಂದಿದ್ದೆ. ಅಷ್ಟೇ ಹೇಳಿದ್ದು. ಬಂದ ಮರುದಿನ ನಿನ್ನ ಕೋಣೆ ಗುಡಿಸುವಾಗ ಅದನ್ನು ಎಳೆದು ಬಿಚ್ಚಿದೆ. ನೀನು ತೊಟ್ಟು ಬಿಸಾಡಿದ ಅಂಗಿಗಳು, ತೋಳು ಹರಿದ ಸ್ವೆಟರು, ಒಂದು ಶಾಲು, ಎಲ್ಲದರ ತುಂಬ ನಾಯಿಕೂದಲು, ಎಲ್ಲದರಲ್ಲೂ ನಿನ್ನ ಮಂಡಿಗೆ ಹಚ್ಚುವ ಆ ಮುಲಾಮಿನ ಘಾಟು, ತಲೆಯ ಎಣ್ಣೆ, ಬೆವರು. ನೀರು ಬಂದರೆ ನೆಲ ಒರೆಸಲು ಕೂಡಿಟ್ಟಿದ್ದಾಳೆ, ಒಗೆದು ಇಡುವುದಕ್ಕೂ ಸೋಮಾರಿತನ ಎಂದುಕೊಂಡೆ. ಬಿಸಿನೀರಿಗೆ ಸೋಪಿನ ಪುಡಿ ಹಾಕಿ ನೆನೆಸಿದೆ, ಉಜ್ಜಿದೆ, ನೆಲ ತೊಳೆಯುವ ಆ ಔಷಧಿ ನೀರಿನಲ್ಲಿ ಇನ್ನೊಮ್ಮೆ ಅದ್ದಿದೆ, ಮಳೆಯ ನಡುವೆ ಬಿಸಿಲು ಕಾದು ಒಣಗಿಸಿದೆ. ಅಂಚಿಗೆ ಅಂಚು ಸೇರಿಸಿ ಮಡಿಸಿ, ಅದೇ ಚೀಲವನ್ನೂ ಒಗೆದು, ಅದರಲ್ಲೇ ತುಂಬಿದೆ. ನಿನಗೆ ಹೇಳಲಿಲ್ಲ. ನೀನು ಬಂದು ನೋಡಿ ಆಶ್ಚರ್ಯಪಡಲಿ ಎಂದಿತ್ತು.

ಮೇಲೆ ಹತ್ತಿಸಿದ ಸಂಜೆ ಹಾಲಿನಲ್ಲಿ ಏನು ಗಲಾಟೆ ಅಂತೀಯ. ಅಲ್ಲೊಂದು ಬೊಗಳಿದರೆ ತಗಡಿನ ಮಾಡು ಅದನ್ನು ಹತ್ತು ಮಾಡಿ ವಾಪಸ್ ಎಸೆಯುತ್ತಿತ್ತು. ಕೆಲವು ಸರಪಳಿ ಕಚ್ಚುತ್ತಿದ್ದವು, ಒಂದು ಬಸುರಿ ಗೋಡೆಯನ್ನು ಕೆರೆದು ಉಗುರಲ್ಲಿ ರಕ್ತ. ಮೇಸ್ತ್ರಿ ನೆಮ್ಮದಿಯಿಂದ ಕೈ ಒರೆಸಿಕೊಂಡು, 'ಚಿಕ್ಕಕ್ಕ, ಅಕ್ಕನ ಚೀಲ ತನ್ನಿ, ಎಲ್ಲಾ ಸುಮ್ನಾಗ್ತವೆ' ಎಂದ. ತಂದುಕೊಟ್ಟೆ. ಅವನು ಕೈ ಹಾಕಿ ಒಂದು ಅಂಗಿ ತೆಗೆದ, ಮೂಸಿದ. ಇನ್ನೊಂದು ತೆಗೆದ, ಮೂಸಿದ. ನನ್ನ ಮುಖ ನೋಡಿದ. 'ಇದನ್ನ ತೊಳೆದ್ರಾ?' 'ಹೌದು, ಅಷ್ಟು ಕೊಳೆಯಿತ್ತಲ್ಲ.' ಮಗುಚಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತವನೇ ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. 'ಅಕ್ಕನ್ನೇ ತೊಳೆದು ಹಗ್ಗಕ್ಕೆ ನೇತು ಹಾಕಿಬಿಟ್ರಲ್ಲ ಚಿಕ್ಕಕ್ಕ!' ಪ್ರತಿ ವರ್ಷ ನೀರು ಬಂದಾಗ ನೀನು ಆ ಬಟ್ಟೆಗಳನ್ನು ಹರಿದು, ಒಂದೊಂದು ನಾಯಿಗೆ ಒಂದೊಂದು ತುಂಡು ಹಾಸಿ, ಅವು ಅದರಲ್ಲಿ ಮೂಗಿಟ್ಟು ಮಲಗುತ್ತವೆ ಎನ್ನುವುದು ನನಗೆ ಗೊತ್ತಾದದ್ದು ಆಗ. ವರ್ಷವಿಡೀ ನೀನು ಅದಕ್ಕೆಂದೇ ಒಗೆಯದೆ ಕೂಡಿಡುತ್ತೀಯಂತೆ. ಹೇಳಬಾರದಿತ್ತೇ? ಅಥವಾ ಹೇಳುವ ಅಗತ್ಯವಿದೆ ಎಂದು ನಿನಗೆ ಹೊಳೆಯಲೇ ಇಲ್ಲವೇ? ಬಟ್ಟೆ ಕಂಡರೆ ಬಕೆಟ್ಟಿಗೆ ಹಾಕುವ ತಂಗಿಯೊಬ್ಬಳಿದ್ದಾಳೆ ಎಂದು ಇಷ್ಟು ವರ್ಷದಲ್ಲಿ ನಿನಗೆ ಗೊತ್ತಾಗಿಲ್ಲವಾದರೆ ನಾನೇನು ಮಾಡಲಿ.

ಮೊದಲು ಮೇಸ್ತ್ರಿ ಬಹಳ ಉದಾರವಾಗಿ ತನ್ನ ಅಂಗಿ ಕೊಟ್ಟ. ಅದರ ಹೊಗೆಸೊಪ್ಪಿನ ವಾಸನೆಗೆ ನಾಯಿಗಳು ಸಾಲಾಗಿ ಸೀನಿದವು. 'ಹಾಗಾದ್ರೆ ನಿಮ್ಮದೇ ಕೊಡಿ' ಎಂದ, ಸ್ವಲ್ಪ ಮುನಿಸಿಕೊಂಡು. ನನ್ನ ಚೀಲದಲ್ಲಿದ್ದದ್ದೆಲ್ಲ ಒಗೆದು ಇಸ್ತ್ರಿ ಮಾಡಿದ್ದು. ಹಾಗಾಗಿ ಏನು ಮಾಡಿದೆ ಗೊತ್ತೇ? ಇದ್ದ ಅಂಗಿಗಳನ್ನೆಲ್ಲ ಒಂದರ ಮೇಲೊಂದು ತೊಟ್ಟುಕೊಂಡು ಕೆಲಸ ಮಾಡಿದೆ. ನೀರಿನ ಕೊಡ, ಅಕ್ಕಿಮೂಟೆ, ಹೇಲಿನ ಬಕೆಟ್ಟು ಎಲ್ಲವನ್ನೂ ಹೊತ್ತು ಓಡಾಡಿ ಮೈತುಂಬ ಬೆವರಿ, ಮರುದಿನ ಒಂದೊಂದೇ ಕಳಚಿ ಕತ್ತರಿಸಿ ಹಂಚಿದೆ. ಡಾಕ್ಟರು ನನ್ನನ್ನು ಆ ಅವತಾರದಲ್ಲಿ ನೋಡಿ, ಚಳಿಜ್ವರವೇ ಎಂದು ಕೇಳಿದರು. ಮತ್ತೆ, ಅಕ್ಕಾ, ಅವು ಒಪ್ಪಿಕೊಂಡವು. ಒಂದು ಮೂಸಿ ಮಗ್ಗುಲಾಯಿತು. ಇನ್ನೊಂದು ತುಂಡನ್ನು ಮುಂಗಾಲಿಂದ ಎಳೆದು ಗಲ್ಲದ ಕೆಳಗೆ ಸೇರಿಸಿಕೊಂಡಿತು. ಉಗುರು ಕಿತ್ತುಕೊಂಡಿದ್ದ ಆ ಬಸುರಿ ನನ್ನ ಹಸಿರು ಅಂಗಿಯ ತೋಳಿನೊಳಗೆ ಮೂತಿ ತುರುಕಿ ಗೊರಕೆ ಹೊಡೆಯಿತು. ಚಿಕ್ಕಂದಿನಲ್ಲಿ ನಾನು ತೊಟ್ಟದ್ದೆಲ್ಲ ನೀನು ತೊಟ್ಟು ಬಿಟ್ಟದ್ದು. ಎಷ್ಟು ಒಗೆದರೂ ಕುತ್ತಿಗೆಯ ಹತ್ತಿರ ನಿನ್ನದೇ ವಾಸನೆ ಉಳಿದಿರುತ್ತಿತ್ತು. ನನ್ನದೆಂದು ಒಂದು ವಾಸನೆ ಇದೆ, ಅದನ್ನು ನೆಚ್ಚಿಕೊಂಡು ಯಾರಾದರೂ ಕಣ್ಣು ಮುಚ್ಚಬಹುದು ಎಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ. ಹಾಲಿನ ನಡುವೆ ನಿಂತು ಅವುಗಳ ಉಸಿರು ಕೇಳುತ್ತಾ ನಾನು ಮನಸ್ಸಿನಲ್ಲೇ ನಿನಗೆ ಹೇಳಿದೆ: ನೋಡಿದೆಯಾ?

ಗುಮಾಸ್ತ ಮಾತ್ರ ಒಪ್ಪಲಿಲ್ಲ.

ಅವನ ಮೇಲೆ ನನಗೆ ಎಷ್ಟು ಆಸೆಯಿತ್ತು ಎಂದು ನಿನಗೆ ಗೊತ್ತಿಲ್ಲ. ಬೆಳಿಗ್ಗೆ ನಿನ್ನ ಹಿಂದೆ ಒಂದೊಂದು ಗೂಡಿನ ಮುಂದೂ ನಿಂತು, ಒಳಗೆ ಇಣುಕಿ, ಹಾಜರಿ ತೆಗೆದುಕೊಂಡವನ ಹಾಗೆ ಮುಂದೆ ಹೋಗುವ ಆ ಮುದುಕ, ನೀನು ಹೋದ ಮೇಲೆ ನನ್ನ ಹಿಂದೆಯೂ ಹಾಗೇ ಬಂದ. ಸಂಜೆ ನಿನ್ನ ಕೋಣೆಯಲ್ಲಿ ನಾನು ಮಲಗಿದರೆ ಮಂಚದ ಪಕ್ಕದಲ್ಲೇ ಬಿದ್ದುಕೊಂಡ. ಫೋನಿನಲ್ಲಿ ನಿನಗೆ ಹೇಳಿದ್ದೆನಲ್ಲ, 'ಗುಮಾಸ್ತ ನನ್ನ ಬಿಟ್ಟು ಅಲ್ಲಾಡಲ್ಲ ಅಕ್ಕಾ' ಎಂದು. ನೀನು 'ಒಳ್ಳೇದಾಯ್ತು ಬಿಡು' ಎಂದೆ, ಒಂದು ಚೂರೂ ಹೊಟ್ಟೆಕಿಚ್ಚಿಲ್ಲದೆ. ನಿನಗೆ ಹೊಟ್ಟೆಕಿಚ್ಚಾಗಲಿ ಎಂದೇ ಹೇಳಿದ್ದು ನಾನು. ಈಗ ಆ ಕೋಣೆ ನೀರಿನೊಳಗಿದೆ. ಅವನು ಇಳಿಜಾರಿನ ತುದಿಯಲ್ಲಿ ಮಲಗಿ ಕೆಳಗಿನ ನೀರನ್ನೇ ನೋಡುತ್ತಾನೆ. ಅವನು ಕಾಯುತ್ತಿದ್ದದ್ದು ನನ್ನ ಮಂಚವನ್ನಲ್ಲ, ನಿನ್ನ ಮಂಚವನ್ನು. ನಾನು ಅದರ ಮೇಲೆ ಮಲಗಿದ್ದೆ, ಅಷ್ಟೇ.

ನನ್ನ ಅಂಗಿಯ ತುಂಡನ್ನು ಮುಂದಿಟ್ಟೆ. ಮೂಗಿನಿಂದ ಮೆಲ್ಲನೆ ಪಕ್ಕಕ್ಕೆ ಸರಿಸಿದ. ಸಿಟ್ಟಿನಿಂದಲ್ಲ, ಬೇರೆ ಯಾರದ್ದೋ ವಿಳಾಸಕ್ಕೆ ಬಂದದ್ದನ್ನು ವಾಪಸ್ ಕೊಡುವ ಮರ್ಯಾದೆಯಿಂದ. ಅನ್ನಕ್ಕೆ ಮೊಟ್ಟೆ ಹಾಕಿಕೊಟ್ಟೆ, ಮೂಳೆಯ ಸಾರು ಹಾಕಿಕೊಟ್ಟೆ, ಮುಟ್ಟಲಿಲ್ಲ. ಅವನ ಹೃದಯದ ಮಾತ್ರೆ ಅನ್ನದೊಳಗೇ ಹೋಗಬೇಕಲ್ಲ. ಬಾಯಿ ಬಿಡಿಸಿ ಹಾಕಿದರೆ ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು, ನಾವು ತಿರುಗಿದ ಮೇಲೆ ಉಗುಳಿದ. ಮೇಸ್ತ್ರಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, 'ಏನ್ ಸಾಹೇಬ್ರೇ, ಮುಷ್ಕರಾನಾ?' ಎಂದು ಎಷ್ಟು ಓಲೈಸಿದರೂ ಊಹೂಂ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ ಅದನ್ನು ಮಡಿಸಿಟ್ಟರು. 'ಮಾತ್ರೆ ಹೊಟ್ಟೆಗೆ ಹೋಗ್ಲೇಬೇಕು. ಇಲ್ದಿದ್ರೆ ನೀರು ಇಳಿಯೋವರೆಗೂ ಇವನು ಇರಲ್ಲ' ಎಂದರು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಪೆನ್ನು ಸ್ವಲ್ಪ ಹಿಂದೆ ಸರಿಯುತ್ತಿದೆ. ನಮ್ಮಿಬ್ಬರ ದನಿ ಒಂದೇ ಥರ ಎಂದು ಎಲ್ಲರೂ ಹೇಳುತ್ತಾರಲ್ಲ, ಅಮ್ಮನೇ ಫೋನಿನಲ್ಲಿ ಎಷ್ಟು ಸಲ ಮೋಸಹೋಗಿ, ನಿನಗೆ ಹೇಳಬೇಕಾದ ಗುಟ್ಟನ್ನು ನನಗೆ ಹೇಳಿದ್ದಾಳೆ. ಮೊನ್ನೆ ಬೆಳಿಗ್ಗೆ ಮೇಸ್ತ್ರಿ ಒಲೆ ಹಚ್ಚುತ್ತಿದ್ದಾಗ ನಾನು ಹಾಲಿನ ಕಂಬದ ಹಿಂದೆ ನಿಂತು, ನೀನು ಕರೆಯುವ ಹಾಗೆಯೇ ಗಂಟಲನ್ನು ಸ್ವಲ್ಪ ಒರಟು ಮಾಡಿಕೊಂಡು ಕರೆದೆ: 'ಗುಮಾಸ್ತಾ, ಆಫೀಸಿಗೆ ಹೊತ್ತಾಯ್ತು ಕಣೋ!' ಅಕ್ಕಾ, ಅವನು ಎದ್ದ. ಎರಡು ದಿನದಿಂದ ತಲೆ ಎತ್ತದವನು ಎದ್ದು, ಆ ಬಿಗಿದ ಹಿಂಗಾಲುಗಳಲ್ಲೇ ಓಡಿ ಬಂದ. ಬಾಲ ಮಾತ್ರವಲ್ಲ, ಸೊಂಟದಿಂದ ಹಿಂದಿನದೆಲ್ಲ ಕುಣಿಯುತ್ತಿತ್ತು. ಕಂಬ ಸುತ್ತಿ ಬಂದು ನನ್ನನ್ನು ನೋಡಿದ. ನನ್ನ ಕಾಲು ಮೂಸಿದ, ಕೈ ಮೂಸಿದ, ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ಬಗ್ಗಿ ನೋಡಿದ. ಬೇರೆಯವರ ಕನ್ನಡಕವನ್ನು ಕೊಟ್ಟಾಗ ನಮ್ಮ ಅಂಗಡಿಗೆ ಬರುವ ವಯಸ್ಸಾದವರು ಒಂದು ಕ್ಷಣ ಮುಖ ನೋಡುತ್ತಾರೆ, ನೀವೂ ಹೀಗೆ ಮಾಡಿದಿರಾ ಎನ್ನುವ ಹಾಗೆ. ಹಾಗೆ ನೋಡಿ, ತಿರುಗಿ ನಡೆದುಕೊಂಡು ಹೋಗಿ, ಮೊದಲಿದ್ದ ಜಾಗದಲ್ಲೇ ಮಲಗಿದ. ಅಲ್ಲಿಯವರೆಗೆ ನೀರನ್ನಾದರೂ ನೆಕ್ಕುತ್ತಿದ್ದ. ಆಮೇಲೆ ಅದೂ ನಿಂತಿತು.

ನನಗೆ ಸಂಕಟವಾಯಿತು, ನಿಜ. ಆದರೆ ಅದಕ್ಕಿಂತ ಮೊದಲು ಬಂದದ್ದು ಸಿಟ್ಟು. ಅವನ ಮೇಲಲ್ಲ, ನಿನ್ನ ಮೇಲೆ. ಇಷ್ಟೊಂದು ಪ್ರೀತಿ ಯಾಕೆ ಬೇಕು ಒಬ್ಬಳಿಗೆ? ಅದೂ ಲೆಕ್ಕವಿಡದೆ ಎಲ್ಲೆಂದರಲ್ಲಿ ಬಿಸಾಡುವವಳಿಗೆ? ಸ್ವಲ್ಪ ಒಟ್ಟುಮಾಡಿ ನನ್ನ ಕಡೆ ತಳ್ಳಬಾರದೇ? ನೀನು ತಳ್ಳಿದರೂ ಅದು ನಿನ್ನದೇ ಆಗಿರುತ್ತದೆ ಎಂದು ಗೊತ್ತು, ನಿನ್ನ ಹಳೆಯ ಅಂಗಿಗಳ ಹಾಗೆ.

ಮೇಸ್ತ್ರಿ ಕೇಳಿದ, 'ಅಕ್ಕಂದು ಇನ್ನೇನೂ ಉಳಿದಿಲ್ವಾ ಚಿಕ್ಕಕ್ಕ? ಒಂದು ಟವೆಲ್ಲು, ಒಂದು ಕಾಲುಚೀಲ?' ಇಲ್ಲ, ಎಲ್ಲ ಕೋಣೆಯಲ್ಲಿ ಮುಳುಗಿತು ಎಂದೆ. ಅದು ಸುಳ್ಳು. ನಿನ್ನ ದಿಂಬು ಇತ್ತು. ನೀರು ನುಗ್ಗಿದ ದಿನ ನಿನ್ನ ಕೋಣೆಯಿಂದ ನಾನು ಚೀಲಗಳನ್ನು ತಂದೆ, ಔಷಧಿ ಪೆಟ್ಟಿಗೆ ತಂದೆ, ಟಾರ್ಚು ತಂದೆ, ನನ್ನ ಹಲ್ಲುಜ್ಜುವ ಬ್ರಷ್ಷನ್ನೂ ಬಿಟ್ಟು ದಿಂಬನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದೆ. ಮೇಸ್ತ್ರಿ ಅದನ್ನು ಹತ್ತಿಯ ಕಟ್ಟು ಎಂದುಕೊಂಡಿದ್ದ. ನಾನೀಗ ಮಲಗುವ, ಹಿಂದೆ ಬಿಸ್ಕತ್ತು ತೂಗುತ್ತಿದ್ದ ಆ ಮೇಲಿನ ಕೋಣೆಯಲ್ಲಿ ಅದು ನನ್ನ ತಲೆಯ ಕೆಳಗೇ ಇತ್ತು. ಅದರ ಹೊದಿಕೆ ಒಗೆದಿದ್ದೆ. ದಿಂಬನ್ನು ಒಗೆಯಲೆಂದು ಎರಡು ಸಲ ಬಕೆಟ್ಟಿನವರೆಗೆ ಒಯ್ದು, ಎರಡು ಸಲವೂ ವಾಪಸ್ ತಂದಿದ್ದೆ. ಯಾಕೆ ಎಂದು ಆಗ ಕೇಳಿಕೊಂಡಿರಲಿಲ್ಲ. ಮಳೆಗೆ ಒಣಗುವುದಿಲ್ಲ ಎಂದು ನೆಪ ಹೇಳಿಕೊಂಡಿದ್ದೆ.

ಸುಳ್ಳು ಹೇಳಿ ಒಂದು ಇಡೀ ಹಗಲು ಕಳೆದೆ. ಅನ್ನ ಬೇಯಿಸಿದೆ, ಬಡಿಸಿದೆ, ಗುಮಾಸ್ತನ ತಟ್ಟೆಯಲ್ಲಿ ನೊಣ ಕೂರುವುದನ್ನು ನೋಡಿದೆ, ಒಳಗೆ ಹೋಗಿ ದಿಂಬನ್ನು ನೋಡಿದೆ, ಮತ್ತೆ ಹೊರಗೆ ಬಂದೆ. ಕೊಟ್ಟರೆ ಅವನು ತಿನ್ನುತ್ತಾನೆ ಎಂದು ನನಗೆ ಖಚಿತವಾಗಿತ್ತು, ಅಕ್ಕಾ. ಅದಕ್ಕೇ ಕೊಡಲಿಲ್ಲ. ತಿಂದರೆ ನೀನು ಗೆದ್ದ ಹಾಗೆ. ಅಷ್ಟು ದೂರದಲ್ಲಿ ಮಲಗಿಕೊಂಡೇ, ಬೆರಳೂ ಅಲ್ಲಾಡಿಸದೆ. ಗೆಲ್ಲುವುದು ಸೋಲುವುದು ನಿನಗೆ ಕನಸಿನಲ್ಲೂ ಬಂದಿರಲಿಕ್ಕಿಲ್ಲ, ಅದು ಇನ್ನೂ ಉರಿ. ನಿನ್ನೆ ಮಧ್ಯಾಹ್ನ ಅವನು ಎದ್ದು ಜಾಗ ಬದಲಿಸಲು ಹೋಗಿ, ಹಿಂಗಾಲು ಮಡಚಿ ಕುಸಿದು ಕೂತ. ಬಿದ್ದದ್ದನ್ನು ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದ. ನಾನು ನೋಡಿದ್ದೆ. ಒಳಗೆ ಹೋಗಿ, ಹೊದಿಕೆ ಕಳಚಿ, ದಿಂಬನ್ನು ತಂದು ಅವನ ಮುಂದಿಟ್ಟೆ.

ಅವನು ತಕ್ಷಣ ಏನೂ ಮಾಡಲಿಲ್ಲ, ಒಮ್ಮೆ ಮೋಸಹೋದವನು. ಕತ್ತು ಚಾಚಿ ಮೂಸಿದ. ಆಮೇಲೆ ಇಡೀ ಮುಖವನ್ನು ಅದರೊಳಗೆ ಒತ್ತಿ, ಒಂದು ಉಸಿರು ಬಿಟ್ಟ. ಅಷ್ಟು ದೊಡ್ಡ ಉಸಿರು ಆ ಸಣಕಲು ಮೈಯಲ್ಲಿ ಎಲ್ಲಿತ್ತೋ. ಮೇಸ್ತ್ರಿ ಒಲೆಯ ಹತ್ತಿರದಿಂದ ನೋಡಿ, ನನ್ನ ಸುಳ್ಳನ್ನು ಕಂಡುಕೊಂಡರೂ, 'ಓ, ಸಿಕ್ಕಿಬಿಡ್ತಾ' ಎಂದಷ್ಟೇ ಅಂದ. ನಾನು ಅನ್ನದ ಉಂಡೆಯೊಳಗೆ ಮಾತ್ರೆ ಇಟ್ಟು ದಿಂಬಿನ ಅಂಚಿಗೆ ಹಿಡಿದೆ. ದಿಂಬಿನಿಂದ ಮುಖ ತೆಗೆಯದೆಯೇ ಬಾಯಿ ಓರೆ ಮಾಡಿ ತಿಂದ. ಇನ್ನೊಂದು ಕೊಟ್ಟೆ, ತಿಂದ. ನನ್ನ ಬೆರಳು ನೆಕ್ಕಿದ. ಬೆರಳಿಗೆ ಅಂಟಿದ್ದ ಅನ್ನಕ್ಕಾಗಿ ಎಂದು ಅರ್ಥಮಾಡಿಕೊಳ್ಳುವಷ್ಟು ಬುದ್ಧಿ ಈಗ ಬಂದಿದೆ.

ಅವನ ಪಕ್ಕದಲ್ಲಿ ಗೋಡೆಗೆ ಒರಗಿ ಬಹಳ ಹೊತ್ತು ಕೂತಿದ್ದೆ. ಹೊಟ್ಟೆಯೊಳಗೆ ಅದೇ ಹಳೆಯ ಉರಿ. ಅವನು ಬದುಕಿದ ಸಂತೋಷದ ಪಕ್ಕದಲ್ಲೇ ಅದೂ ಆರಾಮಾಗಿ ಕೂತಿತ್ತು. ಕಣ್ಣು ಪರೀಕ್ಷೆ ಮಾಡುವಾಗ ಗಾಜು ಬದಲಿಸಿ ಬದಲಿಸಿ ಕೇಳುತ್ತೇನಲ್ಲ, ಇದು ಸ್ಪಷ್ಟವೋ, ಅದು ಸ್ಪಷ್ಟವೋ ಎಂದು, ಹಾಗೆ ನನ್ನನ್ನೇ ಕೇಳಿಕೊಂಡೆ: ಅವನು ನನ್ನನ್ನು ಬಿಟ್ಟು ನಿನ್ನನ್ನು ಬಯಸುತ್ತಾನೆ ಎಂದು ಹೊಟ್ಟೆಕಿಚ್ಚೋ, ಅಥವಾ ಅವನ ತಲೆಯ ಕೆಳಗೆ ಈಗ ನೀನಿದ್ದೀಯ ಎಂದು ಹೊಟ್ಟೆಕಿಚ್ಚೋ? ಬದಲಿಸಿ ಬದಲಿಸಿ ನೋಡಿದೆ. ಅಂಗಡಿಯಲ್ಲಿ ಯಾರಾದರೂ ಇಷ್ಟು ಹೊತ್ತು ತೆಗೆದುಕೊಂಡರೆ ನಾನು ಗಡಿಯಾರ ನೋಡುತ್ತೇನೆ.

ಇವತ್ತು ಬೆಳಿಗ್ಗೆ ಅರ್ಧ ತಟ್ಟೆ ತಿಂದ. ಮಾತ್ರೆ ಹೋಯಿತು. ಡಾಕ್ಟರು ಪುನಃ ಎದೆ ಕೇಳಿ, ಈ ಸಲ ತಲೆ ಅಲ್ಲಾಡಿಸಿದರು, ಒಳ್ಳೆಯ ರೀತಿಯಲ್ಲಿ. ಆದರೆ ದಿಂಬು ತೇವಕ್ಕೆ ಮುಗ್ಗಲು ಹಿಡಿಯುತ್ತಿದೆ, ಅವನ ಜೊಲ್ಲೂ ಸೇರಿ ನಿನ್ನ ವಾಸನೆ ಎಷ್ಟು ದಿನ ಉಳಿಯುತ್ತದೋ ಗೊತ್ತಿಲ್ಲ. ನೀರು ನಿಂತಲ್ಲೇ ನಿಂತಿದೆ. ಆದರೂ ನೀನು ಬರಬೇಡ, ಮಂಡಿ ಮೊದಲು. ನಾನು ನೋಡಿಕೊಳ್ಳುತ್ತೇನೆ. ಬೇರೆಯವೆಲ್ಲ ಚೆನ್ನಾಗಿವೆ, ಆ ಬಸುರಿ ನಾಳೆಯೋ ನಾಡಿದ್ದೋ ಮರಿ ಹಾಕಬಹುದು. ಅಕ್ಕಿ ಸಾಕಷ್ಟಿದೆ, ಸೌದೆಯೂ ಇದೆ. ಮೇಸ್ತ್ರಿ ನಿನಗೆ ನಮಸ್ಕಾರ ಹೇಳಿದ್ದಾನೆ. ಚೀಲದ ಕಥೆಯನ್ನು ತಾನೇ ನಿನಗೆ ಹೇಳಬೇಕಂತೆ, ನಾನು ಬರೆಯಬಾರದಂತೆ. ಬರೆದುಬಿಟ್ಟಿದ್ದೇನೆ, ಅವನು ಹೇಳುವಾಗ ಹೊಸದಾಗಿ ಕೇಳಿದ ಹಾಗೆ ನಗು. ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ಹೇಳು. ವ್ಯಾಯಾಮ ತಪ್ಪಿಸಬೇಡ. ನಿನ್ನ ಕಾಲು ಬೇಗ ನೆಟ್ಟಗಾಗಲಿ, ನೆಟ್ಟಗಾದ ಕಾಲಲ್ಲಿ ಇಲ್ಲಿಗೆ ಬಂದು ನನ್ನನ್ನು ಚೆನ್ನಾಗಿ ಬೈಯುವಂತಾಗಲಿ.

ಇಂತಿ,
ಎಲ್ಲವನ್ನೂ ಒಗೆದು ಮಡಿಸಿಟ್ಟ
ನಿನ್ನ ತಂಗಿ

ಮರೆತ ಮಾತು: ಡಾಕ್ಟರು ದೋಣಿಗೆ ಇಳಿಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಇದನ್ನು ಓದುವಾಗ ತೊಟ್ಟಿರುವ ಅಂಗಿಯನ್ನು ಹಾಗೇ ಬಿಚ್ಚಿ ಅವರ ಕೈಗೆ ಕೊಡು. ಒಗೆಯಬೇಡ, ಅತ್ತಿಗೆಯ ಕೈಗೆ ಸಿಗಲು ಬಿಡಬೇಡ, ಅವಳೂ ನನ್ನ ಹಾಗೆಯೇ. ಎರಡು ಕಳಿಸು. ಒಂದು ಗುಮಾಸ್ತನಿಗೆ. ಇನ್ನೊಂದು ಯಾವುದಕ್ಕೆ ಎಂದು ಮೇಸ್ತ್ರಿ ಆಗಲೇ ಕೇಳಿದ. ನಿನ್ನೆಯಿಂದ ಇನ್ನೊಂದಕ್ಕೂ ನಿದ್ದೆ ಬರುತ್ತಿಲ್ಲ, ಯಾವುದೆಂದು ಆಮೇಲೆ ಹೇಳುತ್ತೇನೆ ಎಂದಿದ್ದೇನೆ.